ಒಸರು, ಜಿನುಗು, ತೊಟ್ಟು, ಸೋರಿಕೆ



ಈ ಅಂಕಣಕ್ಕೆ ಬರುವ ಪತ್ರಗಳು ಬಹುಮಟ್ಟಿಗೆ ಮಕ್ಕಳ ವಿದ್ಯಾಭ್ಯಾಸ, ಹಿರಿಯರ ಆರೈಕೆ, ಮನೆವಾರ್ತೆಯ ಖರ್ಚುವೆಚ್ಚ ಇವುಗಳನ್ನು ಕುರಿತಾಗಿರುತ್ತವೆ. ಈ ಸಲ ಉತ್ತರ ಕರ್ನಾಟಕದ ಪ್ರೌಢಶಾಲಾ ಶಿಕ್ಷಕರೊಬ್ಬರು ಕೇಳಿರುವ ಪ್ರಶ್ನೆಯು ಹೊರನೋಟಕ್ಕೆ ಕೇವಲ ಯಂತ್ರಕ್ಕೆ ಸಂಬಂಧಿಸಿದುದು. ಆದರೆ ಪತ್ರವನ್ನು ಪೂರ್ತಿ ಓದಿದಾಗ ಅದರೊಳಗೆ ಹಿರಿಯರ ಆರೈಕೆಯೂ ಇದೆ, ಮನೆಯ ಖರ್ಚಿನ ಚಿಂತೆಯೂ ಇದೆ ಎಂಬುದು ತಿಳಿಯಿತು.

ಅವರ ಬಳಿ ತಂದೆಯವರು ಕೊಂಡಿದ್ದ 2008ರ ಮಾದರಿಯ ಇನ್ನೋವಾ ವಾಹನವಿದೆ. ತಂದೆಯವರು ಈಗ ಇಲ್ಲ. ತಾಯಿಯವರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ 3 ಬಾರಿ ಜಿಲ್ಲಾ ಕೇಂದ್ರಕ್ಕೆ ಡಯಾಲಿಸಿಸ್ ಚಿಕಿತ್ಸೆಗೆ ಕರೆದೊಯ್ಯಬೇಕು. ಕೆಲವು ತಿಂಗಳುಗಳಿಂದ ಗಾಡಿಯ ಕೆಳಗೆ ಕೆಂಪು ಎಣ್ಣೆ ಬೀಳುತ್ತಿದೆ. ಸ್ಟಿಯರಿಂಗ್ ತಿರುಗಿಸುವಾಗ ನರಳುವ ಸದ್ದು ಬರುತ್ತದೆ. ಪ್ರತಿ ವಾರವೂ ಎಣ್ಣೆ ಸುರಿದು ನಡೆಸುತ್ತಿದ್ದಾರೆ. ಒಂದು ಕಾರ್ಯಾಗಾರದವರು ಗಾಡಿಯ ಕೆಳಗೆ ಒಮ್ಮೆ ಇಣುಕಿ ನೋಡಿ, "ಸ್ಟಿಯರಿಂಗ್ ರ‍್ಯಾಕ್ ಪೂರ್ತಿ ಬದಲಾಯಿಸಬೇಕು" ಎಂದರಂತೆ. ಹೇಳಿದ ಮೊತ್ತ ಅವರ ಶಕ್ತಿಗೆ ಮೀರಿದ್ದು. "ಹೀಗೆಯೇ ಎಣ್ಣೆ ಹಾಕುತ್ತ ನಡೆಸಬಹುದೆ? ರ‍್ಯಾಕ್ ಬದಲಿಸಲೇಬೇಕೆ? ಅಥವಾ ಗಾಡಿಯನ್ನೇ ಮಾರಿಬಿಡಲೆ?" ಎಂಬುದು ಅವರ ಮೂರು ಪ್ರಶ್ನೆಗಳು.

ಇಂಥ ಹಳೆಯ ವಾಹನಗಳು ನಮ್ಮ ಓದುಗರ ಮನೆಗಳಲ್ಲಿ ಬಹಳಷ್ಟಿವೆ. ಆದುದರಿಂದ ಅನುಭವಿಗಳಾದ ಕುಶಲಕರ್ಮಿಗಳೊಡನೆ ಚರ್ಚಿಸಿ, ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸುತ್ತಿದ್ದೇನೆ.

ಬಲವು ಬರುವ ಬಗೆ

ಭಾರವಾದ ವಾಹನವೊಂದು ನಿಂತಿರುವಾಗ ಅದರ ಮುಂದಿನ ಚಕ್ರಗಳನ್ನು ತಿರುಗಿಸುವುದು ತೋಳ್ಬಲದ ಕೆಲಸ. ಹಿಂದಿನ ಲಾರಿ ಚಾಲಕರ ಭುಜಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಶ್ರಮವನ್ನು ದ್ರವದ ಒತ್ತಡಕ್ಕೆ ವಹಿಸುವ ಏರ್ಪಾಟನ್ನು ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು ರೂಪಿಸಿ 1926ರಲ್ಲಿ ಕಾರೊಂದಕ್ಕೆ ಅಳವಡಿಸಿ ತೋರಿಸಿದರು. ಆದರೂ ಅದು ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಸಂಸ್ಥೆಯ ಇಂಪೀರಿಯಲ್ ಎಂಬ ವಾಹನದಲ್ಲಿ. ದ್ರವದ ಬದಲು ವಿದ್ಯುತ್ ಮೋಟಾರಿನ ನೆರವು ಪಡೆಯುವ ಕ್ರಮವು 1988ರಲ್ಲಿ ಜಪಾನಿನ ಸುಝುಕಿ ಸರ್ವೊ ಕಾರಿನಲ್ಲಿ ಆರಂಭವಾಯಿತು. ಇಂದಿನ ಹೊಸ ಕಾರುಗಳಲ್ಲಿ ಬಹುಪಾಲು ವಿದ್ಯುತ್ ನೆರವಿನವು. ಅವುಗಳಲ್ಲಿ ಸೋರುವ ಎಣ್ಣೆಯೇ ಇಲ್ಲ. ನಮ್ಮ ಶಿಕ್ಷಕರ ವಾಹನವು ದ್ರವದ ನೆರವಿನ ಕಾಲದ್ದು.

ಅದರ ಅಂಗಗಳು ಹೆಚ್ಚಿಲ್ಲ. ಎಣ್ಣೆ ತುಂಬುವ ಒಂದು ಚಿಕ್ಕ ಪಾತ್ರೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಒಂದು ಪಂಪು. ಪಂಪಿನಿಂದ ರ‍್ಯಾಕಿಗೆ ಎಣ್ಣೆಯನ್ನು ಒತ್ತಿ ಕಳುಹಿಸುವ ಹೆಚ್ಚು ಒತ್ತಡದ ಕೊಳವೆ. ರ‍್ಯಾಕಿನ ಮೇಲೆ, ಚಾಲಕನು ಚಕ್ರವನ್ನು ಯಾವ ಕಡೆಗೆ ತಿರುಗಿಸಿದನೆಂಬುದನ್ನು ತಿಳಿದು ಎಣ್ಣೆಯನ್ನು ಎಡಕ್ಕೊ ಬಲಕ್ಕೊ ಹರಿಸುವ ಒಂದು ಕವಾಟ. ಕೆಲಸ ಮುಗಿಸಿದ ಎಣ್ಣೆಯನ್ನು ಪಾತ್ರೆಗೆ ಮರಳಿಸುವ ರಬ್ಬರ್ ಕೊಳವೆ. ಇಷ್ಟೆ. ಇದು ಮುಚ್ಚಿದ ಸುತ್ತು. ಎಂಜಿನ್ನಿನಲ್ಲಿ ಎಣ್ಣೆಯು ಸ್ವಲ್ಪ ಉರಿದು ಕಡಮೆಯಾಗಬಹುದು. ಇಲ್ಲಿ ಉರಿಯುವ ಮಾತೇ ಇಲ್ಲ. ಪಾತ್ರೆಯಲ್ಲಿ ಮಟ್ಟ ಇಳಿಯುತ್ತಿದ್ದರೆ ಎಲ್ಲಿಯೋ ಹೊರಗೆ ಹೋಗುತ್ತಿದೆ ಎಂದೇ ಅರ್ಥ.

ಒತ್ತಡದ ಪ್ರಮಾಣವನ್ನು ಗಮನಿಸಿರಿ. ಕಾರಿನ ಟೈರಿನೊಳಗಿನ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ. ನಿಂತಲ್ಲಿಯೇ ಚಕ್ರವನ್ನು ಕೊನೆಯವರೆಗೆ ತಿರುಗಿಸಿದಾಗ ಪಂಪು ಹೊರಡಿಸುವ ಒತ್ತಡವು ಸಾಮಾನ್ಯವಾಗಿ 70ರಿಂದ 100 ಕಿಲೋಗ್ರಾಂ. ಕೆಲವು ವಾಹನಗಳಲ್ಲಿ ಅದಕ್ಕೂ ಹೆಚ್ಚು. ಮರಳುವ ಕೊಳವೆಯಲ್ಲಾದರೊ ಒತ್ತಡವು ಅತ್ಯಲ್ಪ. ಈ ಒಂದು ಭೇದವನ್ನು ನೆನಪಿನಲ್ಲಿಟ್ಟರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ತಿಳಿಯುತ್ತವೆ.

ನಾಲ್ಕು ಮಾತುಗಳು, ನಾಲ್ಕು ಹಂತಗಳು

ದ್ರವವು ಹೊರಬರುವ ಕ್ರಿಯೆಗೆ ನಮ್ಮ ಕನ್ನಡದಲ್ಲಿ ಹಲವು ಪದಗಳಿವೆ. ನಾವು ಅವನ್ನು ಒಂದರ ಬದಲಿಗೆ ಒಂದನ್ನು ಬಳಸುತ್ತೇವೆಯಾದರೂ ಅವುಗಳ ಭಾವ ಒಂದೇ ಅಲ್ಲ. ಗಾಡಿಯ ಸ್ಥಿತಿಯನ್ನು ಅಳೆಯಲು ಈ ಪದಗಳೇ ಸಾಕು.

ಮೊದಲನೆಯದು ಒಸರು. ಜೋಡಣೆಯ ಸುತ್ತ ತೇವವಿದೆ, ಧೂಳು ಅಂಟಿಕೊಂಡು ಕಪ್ಪಾಗಿದೆ, ಆದರೆ ಹನಿಗಟ್ಟಿಲ್ಲ. ಪಾತ್ರೆಯ ಮಟ್ಟವೂ ಇಳಿದಿಲ್ಲ. ಹಳೆಯ ವಾಹನಕ್ಕೆ ಇದು ವಯೋಸಹಜ. ಒರೆಸಿ, ತಿಂಗಳಿಗೊಮ್ಮೆ ನೋಡುತ್ತಿದ್ದರೆ ಸಾಕು.

ಎರಡನೆಯದು ಜಿನುಗು. ಒರೆಸಿದ ಕೆಲವು ದಿನಗಳಲ್ಲಿ ಮತ್ತೆ ಒದ್ದೆಯಾಗುತ್ತದೆ. ಹಲವು ತಿಂಗಳುಗಳಿಗೊಮ್ಮೆ ಮಟ್ಟ ತುಸು ಇಳಿಯುತ್ತದೆ. ಮುಂದಿನ ಸರ್ವಿಸಿನ ವೇಳೆಗೆ ಸರಿಪಡಿಸಿಕೊಳ್ಳಬೇಕು.

ಮೂರನೆಯದು ತೊಟ್ಟು. ನಿಲ್ಲಿಸಿದ ಜಾಗದಲ್ಲಿ ಹನಿಗಳು ಕಾಣುತ್ತವೆ. ವಾರಕ್ಕೊಮ್ಮೆಯೊ ಹದಿನೈದು ದಿನಕ್ಕೊಮ್ಮೆಯೊ ಎಣ್ಣೆ ಹಾಕಬೇಕಾಗುತ್ತದೆ. ಇದನ್ನು ಮುಂದೂಡುವಂತಿಲ್ಲ. ಶಿಕ್ಷಕರ ಗಾಡಿಯು ಈ ಹಂತದಲ್ಲಿದೆ.

ನಾಲ್ಕನೆಯದು ಸೋರಿಕೆ. ಒಂದೇ ಪ್ರಯಾಣದಲ್ಲಿ ಪಾತ್ರೆ ಬರಿದಾಗುತ್ತದೆ, ಇಲ್ಲವೆ ಧಾರೆಯಾಗಿ ಹರಿಯುತ್ತದೆ. ಗಾಡಿಯನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು.

ಮೂರನೆಯ ಹಂತವು ನಾಲ್ಕನೆಯದಕ್ಕೆ ಯಾವಾಗ ದಾಟುತ್ತದೆಂಬುದನ್ನು ಯಾರೂ ಮುಂದಾಗಿ ಹೇಳಲಾರರು. ಹೆಚ್ಚು ಒತ್ತಡದ ಕೊಳವೆಯಲ್ಲಿ ಬಿರುಕಿದ್ದರೆ ಅದು ಒಂದು ತಿರುವಿನಲ್ಲಿಯೇ ಒಡೆಯಬಹುದು. ಆಗ ಏನಾಗುತ್ತದೆ? ಸ್ಟಿಯರಿಂಗಿಗೂ ಚಕ್ರಗಳಿಗೂ ಇರುವ ಲೋಹದ ಸಂಪರ್ಕವು ಹಾಗೆಯೇ ಇರುತ್ತದೆ. ಗಾಡಿಯು ದಿಕ್ಕು ತಪ್ಪಿ ಓಡುವುದಿಲ್ಲ. ಆದರೆ ನೆರವು ಹೋಗಿ ಚಕ್ರವು ಇದ್ದಕ್ಕಿದ್ದಂತೆ ಬಹು ಭಾರವಾಗುತ್ತದೆ, ಅದರಲ್ಲಿಯೂ ನಿಧಾನದ ವೇಗದಲ್ಲಿ. ಘಟ್ಟದ ತಿರುವಿನಲ್ಲಿಯೊ ಊರ ನಡುವಿನ ಜನಸಂದಣಿಯಲ್ಲಿಯೊ ಹೀಗಾದರೆ ಹೆದರದೆ ಎರಡು ಕೈಗಳಿಂದ ಬಿಗಿಯಾಗಿ ಹಿಡಿದು, ವೇಗ ತಗ್ಗಿಸಿ, ಬದಿಗೆ ನಿಲ್ಲಿಸಬೇಕು. ಇದನ್ನು ಮನೆಯಲ್ಲಿ ವಾಹನ ನಡೆಸುವ ಪ್ರತಿಯೊಬ್ಬರಿಗೂ ಮೊದಲೇ ತಿಳಿಸಿರಿ.

ಇನ್ನೂ ಎರಡು ಅಪಾಯಗಳಿವೆ. ಚಿಮ್ಮಿದ ಎಣ್ಣೆಯು ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಬೆಲ್ಟಿನ ಮೇಲೆ ಬಿದ್ದರೆ ಬೆಲ್ಟು ಜಾರುತ್ತದೆ. ಹಲವು ವಾಹನಗಳಲ್ಲಿ ಅದೇ ಬೆಲ್ಟು ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ಎಣ್ಣೆಯಿಲ್ಲದೆ ಒಣಗಿ ತಿರುಗಿದ ಪಂಪು ತಾನೂ ಸವೆದು, ತನ್ನ ಲೋಹದ ಚೂರುಗಳನ್ನು ರ‍್ಯಾಕಿನೊಳಕ್ಕೂ ಕಳುಹಿಸುತ್ತದೆ. ನರಳುವ ಸದ್ದು ಕೇಳಿಬರುತ್ತಿದೆಯೆಂದರೆ ಎಣ್ಣೆಯೊಡನೆ ಗಾಳಿ ಸೇರಿದೆಯೆಂದೇ ಸಾಮಾನ್ಯವಾಗಿ ತಿಳಿಯಬೇಕು. ಆದುದರಿಂದ ಮೊದಲನೆಯ ಪ್ರಶ್ನೆಗೆ ಉತ್ತರವಿದು: ಎಣ್ಣೆ ಹಾಕುತ್ತ ಕಾರ್ಯಾಗಾರದವರೆಗೆ ಹೋಗಬಹುದು, ತಿಂಗಳುಗಟ್ಟಲೆ ನಡೆಸಬಾರದು.

ಹನಿ ಬಿದ್ದ ಜಾಗವು ಹನಿ ಹುಟ್ಟಿದ ಜಾಗವಲ್ಲ

ಎರಡನೆಯ ಪ್ರಶ್ನೆಗೆ ಬರೋಣ. ರ‍್ಯಾಕ್ ಬದಲಿಸಬೇಕೆ? ಇದನ್ನು ನಿರ್ಧರಿಸುವ ಮುನ್ನ ದೋಷದ ಮೂಲವನ್ನು ಹುಡುಕಬೇಕು. ಎಣ್ಣೆಯು ಮೇಲಿನಿಂದ ಕೆಳಕ್ಕೆ ಹರಿದು, ತಗ್ಗಿನಲ್ಲಿರುವ ಭಾಗದಿಂದ ತೊಟ್ಟಿಕ್ಕುತ್ತದೆ. ರ‍್ಯಾಕು ಕೆಳಭಾಗದಲ್ಲಿರುವುದರಿಂದ ಮೇಲೆ ಎಲ್ಲಿ ಸೋರಿದರೂ ಆ ಅಪವಾದವು ಅದರ ತಲೆಗೆ ಬರುತ್ತದೆ. ಮಾಳಿಗೆಯ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗವೊಂದು, ಮೇಲ್ಛಾವಣಿಯ ಬಿರುಕು ಇರುವ ಜಾಗ ಇನ್ನೊಂದು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ.

ಮೊದಲು ಬಿದ್ದದ್ದು ಯಾವ ದ್ರವವೆಂದು ತಿಳಿಯಿರಿ. ರಾತ್ರಿ ಗಾಡಿಯ ಕೆಳಗೆ ಬಿಳಿಯ ರಟ್ಟನ್ನು ಹಾಸಿ ಬೆಳಿಗ್ಗೆ ನೋಡಿರಿ. ಎಂಜಿನ್ ಎಣ್ಣೆ ಕಂದು ಅಥವಾ ಕಪ್ಪು. ರೇಡಿಯೇಟರಿನ ದ್ರವವು ನೀರಿನಂತೆ ತೆಳು, ಹಸಿರು ಇಲ್ಲವೆ ಗುಲಾಬಿ ಬಣ್ಣದ್ದು. ಬ್ರೇಕಿನ ದ್ರವವು ತಿಳಿಹಳದಿ. ಎ.ಸಿ.ಯಿಂದ ಬೀಳುವುದು ಬರಿಯ ನೀರು. ಇನ್ನೋವಾದಂಥ ವಾಹನಗಳ ಸ್ಟಿಯರಿಂಗಿಗೆ ಹಾಕುವುದು ಎ.ಟಿ.ಎಫ್. ಎಂಬ ಎಣ್ಣೆ, ಅದು ಕೆಂಪು, ಹಳತಾದಾಗ ಕಂದು. ಬ್ರೇಕಿನ ದ್ರವವೆಂದು ಕಂಡುಬಂದರೆ ಗಾಡಿಯನ್ನು ಹೊರಗೆ ತೆಗೆಯಲೇಬಾರದು.

ಬಳಿಕ ಎಂಜಿನ್ ತಣ್ಣಗಿರುವಾಗ ಪಾತ್ರೆ, ಪಂಪು, ಕೊಳವೆಗಳು, ರ‍್ಯಾಕು ಇವೆಲ್ಲವನ್ನೂ ಜಿಡ್ಡು ತೆಗೆಯುವ ದ್ರವದಿಂದ ಚೆನ್ನಾಗಿ ತೊಳೆಸಿ ಒಣಗಿಸಬೇಕು. ಈ ಒಂದು ಕೆಲಸವನ್ನು ಬಿಟ್ಟುಬಿಡುವುದರಿಂದಲೇ ಅನೇಕ ತಪ್ಪು ನಿರ್ಣಯಗಳು ಆಗುತ್ತವೆ. ಪಾತ್ರೆಯನ್ನು ಗುರುತಿನವರೆಗೆ ತುಂಬಿಸಿ, ಎಂಜಿನ್ ನಡೆಸಿ, ಒಬ್ಬರು ಸ್ಟಿಯರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸುತ್ತಿರಲಿ. ಇನ್ನೊಬ್ಬರು ದೀಪ ಹಿಡಿದು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ನೋಡಲಿ. ಕೊನೆಯಲ್ಲಿ ಒತ್ತಿ ಹಿಡಿಯುವುದು 5 ಸೆಕೆಂಡಿಗೆ ಮೀರಬಾರದು. ಇಲ್ಲಿ ಒಂದು ಎಚ್ಚರಿಕೆ: ಎಂಜಿನ್ ನಡೆಯುತ್ತಿರುವಾಗ ಕೊಳವೆಯನ್ನು ಬೆರಳಿನಿಂದ ಸವರಿ ಬಿರುಕು ಹುಡುಕಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಆ ಒತ್ತಡದಲ್ಲಿ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೋಗಬಲ್ಲುದು. ಗಾಯ ಚಿಕ್ಕದಾಗಿ ಕಂಡರೂ ಅದು ತುರ್ತು ಶಸ್ತ್ರಚಿಕಿತ್ಸೆ ಬೇಡುವಂಥದು. ರಟ್ಟಿನ ತುಂಡನ್ನು ಹತ್ತಿರ ಹಿಡಿದು ನೋಡಬೇಕು.

ನೋಡಬೇಕಾದ ಸ್ಥಳಗಳು ಇವು. ಪಾತ್ರೆಯ ಮುಚ್ಚಳ ಮತ್ತು ಪಾತ್ರೆಯ ಬುಡ. ಮರಳುವ ಕೊಳವೆಯ ಎರಡು ತುದಿಗಳು. ಅಲ್ಲಿ ರಬ್ಬರು ಬಿಸಿಗೆ ಗಟ್ಟಿಯಾಗಿ ಕ್ಲಾಂಪು ಸಡಿಲಗೊಂಡಿರುತ್ತದೆ. ಹೆಚ್ಚು ಒತ್ತಡದ ಕೊಳವೆಯಲ್ಲಿ ರಬ್ಬರು ಲೋಹಕ್ಕೆ ಸೇರುವ ಬಿಗಿತದ ಜಾಗ. ಆ ಕೊಳವೆ ಪಂಪಿಗೆ ಸೇರುವಲ್ಲಿನ ತಾಮ್ರದ ವಾಷರು ಅಥವಾ ರಬ್ಬರ್ ಉಂಗುರ. ಪಂಪಿನ ದಂಡದ ಸೀಲು. ಇದು ಹೋಗಿದ್ದರೆ ಪುಲಿಯ ಹಿಂಭಾಗ ಒದ್ದೆಯಾಗಿರುತ್ತದೆ. ಕೊನೆಗೆ ರ‍್ಯಾಕು.

ರ‍್ಯಾಕಿನ ದೋಷವನ್ನು ತಿಳಿಯಲು ನಿಶ್ಚಿತವಾದ ಪರೀಕ್ಷೆಯೊಂದಿದೆ. ಅದರ ಎರಡು ತುದಿಗಳಲ್ಲಿಯೂ ತಿದಿಯಂತೆ ಮಡಿಕೆಗಳುಳ್ಳ ರಬ್ಬರ್ ಚೀಲಗಳಿವೆ. ಇವನ್ನು ಬೂಟ್ ಎನ್ನುತ್ತಾರೆ. ಎಂಜಿನ್ ನಿಲ್ಲಿಸಿ, ಬೂಟಿನ ಪಟ್ಟಿಯನ್ನು ಸಡಿಲಿಸಿ ಒಳಗೆ ನೋಡಬೇಕು. ಅಲ್ಲಿ ಗ್ರೀಸು ಮಾತ್ರವಿದ್ದು ಎಣ್ಣೆ ಇಲ್ಲದಿದ್ದರೆ ರ‍್ಯಾಕಿನ ಕೊನೆಯ ಸೀಲುಗಳು ನಿರ್ದೋಷಿಗಳು. ಎಣ್ಣೆ ಹೊರಹರಿದರೆ ಸೀಲು ಸವೆದಿದೆ. ಇದರ ಜೊತೆಗೆ ಸ್ಟಿಯರಿಂಗ್ ದಂಡವು ರ‍್ಯಾಕನ್ನು ಸೇರುವ ಮೇಲಿನ ಸೀಲನ್ನೂ ನೋಡತಕ್ಕದ್ದು. ಶಿಕ್ಷಕರು ಕಾರ್ಯಾಗಾರದವರನ್ನು ಕೇಳಬೇಕಾದ ಮಾತು ಇಷ್ಟೆ: "ದಯಮಾಡಿ ಮೊದಲು ತೊಳೆದು, ನನ್ನೆದುರಿಗೆ ಬೂಟನ್ನು ಸಡಿಲಿಸಿ ತೋರಿಸಿರಿ." ಕೆಲಸ ಬಲ್ಲವರು ಇದಕ್ಕೆ ಬೇಸರಿಸುವುದಿಲ್ಲ. ಬೇಸರಿಸಿದರೆ ಇನ್ನೊಬ್ಬರಲ್ಲಿಗೆ ಹೋಗಬಹುದು.

ದುರಸ್ತಿಯ ಕ್ರಮ

ಮರಳುವ ಕೊಳವೆಯ ದೋಷವಾದರೆ ಬಹು ಅಗ್ಗದಲ್ಲಿ ಮುಗಿಯುತ್ತದೆ. ಆದರೆ ಅಲ್ಲಿ ರೇಡಿಯೇಟರಿನ ಕೊಳವೆಯ ತುಂಡನ್ನು ಹಾಕಿಸಬೇಡಿರಿ. ನೀರಿಗೆಂದು ಮಾಡಿದ ರಬ್ಬರು ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆಯನ್ನು ತಾಳುವ, ಸ್ಟಿಯರಿಂಗಿಗೆಂದೇ ಮಾಡಿದ ಕೊಳವೆ ಬೇಕು. ಕ್ಲಾಂಪುಗಳೂ ಹೊಸವಾಗಿರಲಿ.

ಹೆಚ್ಚು ಒತ್ತಡದ ಕೊಳವೆಯಾದರೆ ಹೊಸದನ್ನು ಹಾಕುವುದು ಉತ್ತಮ. ಹಳೆಯ ಮಾದರಿಗೆ ಸಿಗದಿದ್ದಲ್ಲಿ, ಟ್ರ್ಯಾಕ್ಟರು ಮತ್ತು ಮಣ್ಣು ಅಗೆಯುವ ಯಂತ್ರಗಳ ಹೈಡ್ರಾಲಿಕ್ ಕೊಳವೆಗಳನ್ನು ಯಂತ್ರದಿಂದ ಒತ್ತಿ ಕೂಡಿಸುವ ಅಂಗಡಿಗಳು ಅನೇಕ ಜಿಲ್ಲಾ ಕೇಂದ್ರಗಳಲ್ಲಿವೆ. ಹಳೆಯ ತುದಿಗಳನ್ನು ಉಳಿಸಿ ಮಧ್ಯದ ಕೊಳವೆಯನ್ನು ಹೊಸದಾಗಿ ಕೂಡಿಸಿಕೊಡಬಲ್ಲರು. ಆ ಒತ್ತಡಕ್ಕೂ ಬಿಸಿಗೂ ತಕ್ಕ ಕೊಳವೆಯನ್ನೇ ಕೇಳಿ ಪಡೆಯಬೇಕು. ಈ ಕೊಳವೆಗೆ ಸಾಧಾರಣ ಕ್ಲಾಂಪು ಬಿಗಿದು, ಪಟ್ಟಿ ಸುತ್ತಿ ನಡೆಸುವುದು ಪ್ರಾಣದೊಡನೆ ಸರಸ. ತಾಮ್ರದ ವಾಷರುಗಳನ್ನು ಬಿಚ್ಚಿದ ಮೇಲೆ ಮತ್ತೆ ಬಳಸಬಾರದು.

ಪಂಪಿನ ಸೀಲು ಹೋಗಿದ್ದರೆ ಪಂಪನ್ನು ಬಿಚ್ಚಿ ಸೀಲುಗಳ ಕಟ್ಟು ಹಾಕಬಹುದು. ದಂಡವೇ ಸವೆದಿದ್ದರೆ ಮಾತ್ರ ಹೊಸ ಪಂಪು ಬೇಕು. ರ‍್ಯಾಕಿನ ವಿಷಯವೂ ಹೀಗೆಯೇ. ಬೂಟು ಹರಿದು ಮಣ್ಣು, ಮಳೆನೀರು ಒಳಸೇರಿ ಉಕ್ಕಿನ ದಂಡಕ್ಕೆ ತುಕ್ಕು ಹಿಡಿದು ಕುಳಿಬಿದ್ದಿದ್ದರೆ, ಹೊಸ ಸೀಲು ಹಾಕಿದರೂ ಆ ಕುಳಿಗಳು ಅದನ್ನು ಕೆಲವೇ ದಿನಗಳಲ್ಲಿ ಕತ್ತರಿಸುತ್ತವೆ. ಅಂಥಲ್ಲಿ ರ‍್ಯಾಕ್ ಬದಲಿಸಬೇಕೆಂಬ ಮಾತು ನ್ಯಾಯವಾದದ್ದೇ. ದಂಡವು ನುಣುಪಾಗಿದ್ದರೆ ಸೀಲುಗಳಿಂದಲೇ ಕೆಲಸವಾಗುತ್ತದೆ. ರ‍್ಯಾಕನ್ನು ಬಿಚ್ಚಿ ಕೂಡಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬಾರದು.

ಸೋರಿಕೆ ನಿಲ್ಲಿಸುವ ಸೀಸೆಯ ಔಷಧಗಳು ಮಾರುಕಟ್ಟೆಯಲ್ಲಿವೆ. ಇವು ಗಟ್ಟಿಯಾದ ಸೀಲನ್ನು ಸ್ವಲ್ಪ ಉಬ್ಬಿಸಿ ಒಸರನ್ನು ಕೆಲಕಾಲ ತಡೆಯಬಹುದು. ಬಿರಿದ ಕೊಳವೆಗೂ ಹರಿದ ಸೀಲಿಗೂ ಇವುಗಳಿಂದ ಪ್ರಯೋಜನವಿಲ್ಲ.

ಎಣ್ಣೆಯ ಆಯ್ಕೆಯು ಬಹು ಮುಖ್ಯ. ವಾಹನದ ಕೈಪಿಡಿಯಲ್ಲಿಯೊ ಪಾತ್ರೆಯ ಮುಚ್ಚಳದ ಮೇಲೆಯೊ ಬರೆದಿರುವ ಜಾತಿಯ ಎಣ್ಣೆಯನ್ನೇ ಹಾಕತಕ್ಕದ್ದು. ಟೊಯೊಟಾದ ಈ ಮಾದರಿಗೆ ಹೊಂದುವುದು ಡೆಕ್ಸ್ರಾನ್ ಜಾತಿಯ ಎ.ಟಿ.ಎಫ್.; ಹೋಂಡಾ ತನ್ನದೇ ಎಣ್ಣೆಯನ್ನು ಬೇಡುತ್ತದೆ; ಕೆಲವು ಜರ್ಮನ್ ಕಾರುಗಳಿಗೆ ಹಸಿರು ಬಣ್ಣದ ಬೇರೆಯೇ ದ್ರವ. ಬ್ರೇಕಿನ ದ್ರವವನ್ನು ಕೈತಪ್ಪಿಯೂ ಇದಕ್ಕೆ ಹಾಕಬಾರದು. ಅದು ಈ ಸೀಲುಗಳನ್ನು ಕೆಡಿಸಿ, ಕೆಲವು ನೂರು ರೂಪಾಯಿಗಳ ದೋಷವನ್ನು ಹಲವು ಸಾವಿರಗಳಿಗೆ ಏರಿಸುತ್ತದೆ.

ಕೊನೆಯದಾಗಿ ಒಳಗಿನ ಗಾಳಿಯನ್ನು ಹೊರದೂಡಬೇಕು. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಗಾಡಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ಯಾರೂ ಹೋಗಬಾರದು. ಎಂಜಿನ್ ನಡೆಸದೆ ಸ್ಟಿಯರಿಂಗನ್ನು ನಿಧಾನವಾಗಿ ಆ ಕೊನೆಯಿಂದ ಈ ಕೊನೆಗೆ 15-20 ಬಾರಿ ತಿರುಗಿಸುತ್ತ, ಪಾತ್ರೆಯ ಮಟ್ಟ ಇಳಿದಂತೆಲ್ಲ ಎಣ್ಣೆ ಸೇರಿಸುತ್ತಿರಬೇಕು. ಗುಳ್ಳೆಗಳು ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಅದೇ ರೀತಿ ಕೆಲವು ಬಾರಿ ತಿರುಗಿಸಬೇಕು. ನೊರೆ ಕಂಡರೆ ನಿಲ್ಲಿಸಿ, ಅದು ಇಳಿಯುವವರೆಗೆ ಕಾದು, ಪುನಃ ಮಾಡಬೇಕು. ಅವಸರ ಮಾಡಿದರೆ ನರಳುವ ಸದ್ದು ಹೋಗುವುದಿಲ್ಲ.

ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೊ ಹಿತ್ತಲಿಗೊ ಚೆಲ್ಲಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಸೇರಿದೆ. ಡಬ್ಬಿಯಲ್ಲಿ ತುಂಬಿ, ಅದನ್ನು ಸಂಗ್ರಹಿಸಿ ಮರುಸಂಸ್ಕರಣೆಗೆ ಕಳುಹಿಸುವ ಕಾರ್ಯಾಗಾರಕ್ಕೆ ಕೊಡುವುದು ಸರಿಯಾದ ದಾರಿ.

ಶಿಕ್ಷಕರಿಗೆ ಒಂದು ಸಲಹೆ

ಮೂರನೆಯ ಪ್ರಶ್ನೆ, ಗಾಡಿಯನ್ನು ಮಾರಬೇಕೆ ಎಂಬುದು. 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು 5 ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. ಆಗ ತಪಾಸಣೆಯೂ ಉಂಟು. ಎಂಜಿನ್, ಚಾಸಿಸ್, ಬ್ರೇಕು ಇವು ಗಟ್ಟಿಯಾಗಿದ್ದರೆ, ಸ್ಟಿಯರಿಂಗಿನ ಎಣ್ಣೆ ಸೋರಿತೆಂಬ ಒಂದೇ ಕಾರಣಕ್ಕೆ ಮಾರುವುದು ವಿವೇಕವಲ್ಲ. ಸೋರುತ್ತಿರುವ ಗಾಡಿಗೆ ಬೆಲೆಯೂ ಬರುವುದಿಲ್ಲ. ದೋಷದ ಮೂಲ ತಿಳಿದು, ದುರಸ್ತಿಯ ನಿಜವಾದ ಮೊತ್ತ ಕೈಗೆ ಬಂದ ಮೇಲೆ ಈ ಪ್ರಶ್ನೆಯನ್ನು ಮತ್ತೆ ಯೋಚಿಸಬಹುದು.

ಎಲ್ಲಕ್ಕಿಂತ ಮುಖ್ಯವಾದುದು ತಾಯಿಯವರ ಚಿಕಿತ್ಸೆಯ ದಿನಗಳು. ಡಯಾಲಿಸಿಸ್ ಒಂದು ದಿನವೂ ತಪ್ಪುವಂತಿಲ್ಲ. ಆದುದರಿಂದ ಎರಡು ಸರದಿಗಳ ನಡುವಿನ ಬಿಡುವಿನಲ್ಲಿ ತೊಳೆಸಿ ಪರೀಕ್ಷೆಯನ್ನಷ್ಟೇ ಮಾಡಿಸಿರಿ. ಬೇಕಾದ ಬಿಡಿಭಾಗಗಳನ್ನು ತರಿಸಿ, ಅವು ಕೈಸೇರಿದ ಬಳಿಕವೇ ಗಾಡಿಯನ್ನು ಬಿಚ್ಚಲು ಒಪ್ಪಿಕೊಳ್ಳಿರಿ. ಬಿಚ್ಚಿದ ಮೇಲೆ ಭಾಗಕ್ಕಾಗಿ ವಾರಗಟ್ಟಲೆ ಕಾಯುವ ಸಂದರ್ಭಗಳು ಹಳೆಯ ವಾಹನಗಳಿಗೆ ಸಾಮಾನ್ಯ. ಆ ಕೆಲವು ದಿನಗಳಿಗೆ ನೆಂಟರ ವಾಹನವನ್ನೊ ಬಾಡಿಗೆಯ ವಾಹನವನ್ನೊ ಮೊದಲೇ ಹೇಳಿಟ್ಟಿರಿ, ಕೇಳಲು ಸಂಕೋಚಪಡಬೇಡಿರಿ. ದುರಸ್ತಿಯಾಗಿ ಬಂದ ಗಾಡಿಯಲ್ಲಿ ಮೊದಲ ದಿನವೇ ತಾಯಿಯವರನ್ನು ಕರೆದೊಯ್ಯದೆ, ನೀವೊಬ್ಬರೇ 20-30 ಕಿ.ಮೀ. ನಡೆಸಿ, ರಾತ್ರಿ ಕೆಳಗೆ ರಟ್ಟನ್ನು ಹಾಸಿ ಪರೀಕ್ಷಿಸಿರಿ. ಬೆಳಿಗ್ಗೆ ರಟ್ಟು ಒಣಗಿದ್ದರೆ ನಿಶ್ಚಿಂತರಾಗಿ ಹೊರಡಬಹುದು.

ಉಳಿದ ಓದುಗರೂ ಈ ಭಾನುವಾರ ತಮ್ಮ ಗಾಡಿಯ ಮುಚ್ಚಳವನ್ನೆತ್ತಿ ಸ್ಟಿಯರಿಂಗ್ ಎಣ್ಣೆಯ ಪಾತ್ರೆ ಎಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳಲಿ. ಮಟ್ಟದ ಗುರುತುಗಳನ್ನು ಮಕ್ಕಳಿಗೂ ತೋರಿಸಲಿ. ಶಿಕ್ಷಕರ ತಾಯಿಯವರ ಆರೋಗ್ಯವು ಸುಧಾರಿಸಲೆಂದು ಹಾರೈಸುತ್ತೇನೆ. ಬೂಟಿನೊಳಗೆ ಏನು ಕಂಡುಬಂತೆಂಬುದನ್ನು ಅವರು ತಪ್ಪದೆ ಬರೆದು ತಿಳಿಸಲಿ.